‘ಇನ್‌ಸ್ಟಂಟ್’ ಎಂದರೆ ಯಾವ ತಿಂಗಳು?

ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಓದಿ, ನಮ್ಮ ಸೀಮೆಯ ಯುದ್ಧಗಳ ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವ ಕೆಲಸವನ್ನು ಹಚ್ಚಿಕೊಂಡಿದ್ದೇನೆ. ಅದರಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸುವುದು ‘ಇನ್‌ಸ್ಟಂಟ್’ ಎಂಬ ಒಂದೇ ಪದ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳಲ್ಲಿ ತಿಂಗಳ ಹೆಸರಿನ ಬದಲು ತಾರೀಖಿನ ಪಕ್ಕದಲ್ಲಿ ಈ ಪದ ಇರುತ್ತದೆ. ‘4ನೇ ಇನ್‌ಸ್ಟಂಟ್’ ಎಂದರೆ ಇದೇ ತಿಂಗಳ 4. ಹಿಂದಿನ ತಿಂಗಳಾದರೆ ‘ಅಲ್ಟಿಮೊ’, ಬರುವ ತಿಂಗಳಾದರೆ ‘ಪ್ರಾಕ್ಸಿಮೊ’. ಎಷ್ಟೋ ಕಡೆ ಇವು ‘ಇನ್‌ಸ್ಟ್.’, ‘ಅಲ್ಟ್.’, ‘ಪ್ರಾಕ್ಸ್.’ ಎಂದು ಮೊಟಕಾಗಿರುತ್ತವೆ. ಅರ್ಥದಲ್ಲಿ ಗೊಂದಲವಿಲ್ಲ. ‘ಇದೇ ತಿಂಗಳು’ ಎಂದವರು ಯಾರು, ಯಾವಾಗ ಎಂಬುದನ್ನು ಪತ್ತೆ ಮಾಡುವುದರಲ್ಲಿದೆ ಶ್ರಮವೆಲ್ಲ.

ಶ್ರೀರಂಗಪಟ್ಟಣದ ಸುದ್ದಿಯನ್ನೇ ನೋಡಿ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಕಾದಾಡುತ್ತಲೇ ಮಡಿದ. ಕಂಪನಿ ಸೇನೆಯ ಮುಖ್ಯಸ್ಥ ಜನರಲ್ ಹ್ಯಾರಿಸ್ ಅಂದೇ ಗವರ್ನರ್ ಜನರಲ್‌ಗೆ ಚುಟುಕಾದ ಚೀಟಿ ಕಳುಹಿಸಿ, ಮೇ 7ರಂದು ವಿವರವಾದ ಪತ್ರ ಬರೆದ. ‘4ನೇ ಇನ್‌ಸ್ಟಂಟ್’ ತಮಗೆ ಅವಸರದ ಚೀಟಿಯೊಂದನ್ನು ಬರೆದಿದ್ದೆ ಎಂಬ ಮಾತಿನಿಂದಲೇ ಆ ಪತ್ರ ಶುರುವಾಗುತ್ತದೆ. ಸುದ್ದಿ ಲಂಡನ್ನಿನಲ್ಲಿ ಅಚ್ಚಾಗುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಪತ್ರಿಕೆಯ ತಲೆಬರಹದ ತಾರೀಖನ್ನಷ್ಟೇ ನೋಡಿ ಲೆಕ್ಕ ಹಾಕುವವರು ಕೋಟೆಯ ಪತನವನ್ನು ನಾಲ್ಕು ತಿಂಗಳು ಮುಂದಕ್ಕೆ ತಳ್ಳಿಬಿಡುತ್ತಾರೆ. ಶ್ರೀರಂಗಪಟ್ಟಣದ ತಾರೀಖು ಎಲ್ಲರಿಗೂ ಗೊತ್ತು, ಹಾಗಾಗಿ ಅಪಾಯವಿಲ್ಲ. ಹೆಸರಿಲ್ಲದ ಪಾಳೆಯಗಾರನೊಬ್ಬನ ಕೋಟೆಗೆ ಮುತ್ತಿಗೆ ಹಾಕಿದ ಸುದ್ದಿಯಾದರೆ ಬೇರೆ ಆಧಾರವೇ ಸಿಗದಿರಬಹುದು. ಅಲ್ಲಿ ಈ ಒಂದು ಪದವನ್ನು ಎಚ್ಚರದಿಂದ ಓದುವುದು ನಾವು ಆ ಜನರಿಗೆ ಸಲ್ಲಿಸಬೇಕಾದ ಋಣ ಎಂದೇ ನನ್ನ ಭಾವನೆ.

ಆದ್ದರಿಂದ ಪ್ರತಿ ಸುದ್ದಿಗೂ ಮೂರು ತಾರೀಖು ಬರೆದುಕೊಳ್ಳುತ್ತೇನೆ: ಪತ್ರಿಕೆ ಹೊರಬಿದ್ದದ್ದು, ಪತ್ರ ಬರೆದದ್ದು, ಘಟನೆ ನಡೆದದ್ದು. ಮೂಲದ ಪದಗಳನ್ನು ಹಾಗೆಯೇ ಪಕ್ಕದಲ್ಲಿ ನಕಲು ಮಾಡುತ್ತೇನೆ. ‘ಇನ್‌ಸ್ಟಂಟ್’ ಯಾವಾಗಲೂ ಪತ್ರ ಬರೆದ ತಿಂಗಳಿಗೆ ಸೇರಿದ್ದು. ಆ ತಾರೀಖು ಪತ್ರದ ತಲೆಯಲ್ಲಿ ಕಾಣದಿದ್ದರೆ ಸಹಿಯ ಬಳಿ ಹುಡುಕಬೇಕು. ಒಂದೇ ಹರಾಜು ಪ್ರಕಟಣೆ ವಾರಗಟ್ಟಲೆ ಮರುಮುದ್ರಣವಾಗುವುದುಂಟು, ಅಲ್ಲಿಯೂ ಅಡಿಯಲ್ಲಿರುವ ತಾರೀಖೇ ಗತಿ.

ಸಂಪಾದಕ ನಡುವೆ ಬಂದಾಗ ಲೆಕ್ಕ ಬದಲಾಗುತ್ತದೆ. ದೂರದ ಪತ್ರವನ್ನು ತನ್ನ ಮಾತಿನಲ್ಲಿ ಸಂಗ್ರಹಿಸುವಾಗ ಆತ ತನ್ನ ತಿಂಗಳಿನಿಂದ ಎಣಿಸುತ್ತಾನೆ. ಹಾಗಾಗಿ ಪೀಠಿಕೆಯಲ್ಲಿ ‘10ನೇ ಅಲ್ಟ್.’ ಎಂದೂ, ಕೆಳಗಿನ ಪತ್ರದಲ್ಲಿ ‘10ನೇ ಇನ್‌ಸ್ಟ್.’ ಎಂದೂ ಇದ್ದು, ಎರಡೂ ಒಂದೇ ದಿನವಾಗಿರಬಹುದು. ಇನ್ನೊಂದು ಪತ್ರಿಕೆಯಿಂದ ಎತ್ತಿ ಹಾಕಿದ ಸುದ್ದಿಯಲ್ಲಿ ಮೊದಲ ಪತ್ರಿಕೆಯ ‘ಇನ್‌ಸ್ಟ್.’ ತಿದ್ದುಪಡಿಯಿಲ್ಲದೆ ಉಳಿದಿರುವುದೂ ಉಂಟು. ಯಾರ ದನಿಯಲ್ಲಿದೆ ಎಂಬುದನ್ನು ಸಾಲುಸಾಲಾಗಿ ಗುರುತಿಸದೆ ನಾನು ತಾರೀಖು ಬರೆಯುವುದಿಲ್ಲ.

ಜನವರಿಯ ಸಂಚಿಕೆಗಳಲ್ಲಿ ವರ್ಷವೇ ಜಾರುತ್ತದೆ. ಕಿತ್ತೂರಿನ ಮೊದಲ ಕಾಳಗ ನಡೆದದ್ದು 1824ರ ಅಕ್ಟೋಬರ್ 23ರಂದು, ಕೋಟೆ ಕಂಪನಿಯ ವಶವಾದದ್ದು ಡಿಸೆಂಬರ್ ಮೊದಲ ವಾರದಲ್ಲಿ. 1825ರ ಜನವರಿಯಲ್ಲಿ ಬರೆದ ಸಾಲಿನಲ್ಲಿ ‘ಅಲ್ಟ್.’ ಕಂಡರೆ 1824 ಎಂದು ಅಲ್ಲಿಯೇ ದಪ್ಪಗೆ ಬರೆದುಕೊಳ್ಳಬೇಕು.

ಗಣಕದಲ್ಲಿ ಹುಡುಕುವವರಿಗೆ ಒಂದು ಮಾತು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್‌ನಂಥ ಭಂಡಾರಗಳಲ್ಲಿ ಯಂತ್ರವೇ ಅಚ್ಚನ್ನು ಓದಿ ಅಕ್ಷರವಾಗಿಸುತ್ತದೆ. ಅದು ‘ಎನ್’ ಅನ್ನು ‘ಯು’ ಎಂದು ಓದಿಬಿಡುತ್ತದೆ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಉದ್ದವಾಗಿ, ‘ಎಫ್’ನಂತೆ ಕಾಣುತ್ತದೆ. ಅಂಥ ತಪ್ಪು ರೂಪಗಳನ್ನೂ ಹುಡುಕಾಟದಲ್ಲಿ ಹಾಕಿದಾಗ, ಕೈತಪ್ಪಿದ್ದ ಸುದ್ದಿಗಳು ನನಗೆ ಸಿಕ್ಕಿವೆ.

1865ರಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ತಂತಿ ಸಂಪರ್ಕ ಏರ್ಪಟ್ಟಿತು. ಆಮೇಲಿನ ತಂತಿ ಸುದ್ದಿಗಳಲ್ಲಿ ಘಟನೆಗೂ ಅಚ್ಚಿಗೂ ನಡುವಿನ ಅಂತರ ವಾರಗಳಿಂದ ದಿನಗಳಿಗೆ ಇಳಿಯುತ್ತದೆ. ಹಡಗಿನ ಟಪಾಲಿನಲ್ಲಿ ಬಂದ ಉದ್ದನೆಯ ವರದಿಗಳು ಮಾತ್ರ ಅದೇ ಪುಟಗಳಲ್ಲಿ ಮುಂದುವರಿಯುತ್ತವೆ, ಅವುಗಳಿಗೆ ಈಗಲೂ ಮೂರು ತಾರೀಖಿನ ಲೆಕ್ಕವನ್ನೇ ಇಟ್ಟಿದ್ದೇನೆ.