ಹೂವು ಒಂದು ವಾರ, ಕಸದ ಪಾಳಿ ವರ್ಷಪೂರ್ತಿ

ಪ್ರತಿ ಬೇಸಿಗೆಗೆ ದಾವಣಗೆರೆಗೆ ಬಂದಾಗ ನಮ್ಮ ಮನೆ ಕಟ್ಟೆ ಮೇಲೆ ಇಬ್ಬರೋ ಮೂವರೋ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ಈ ಸಲ ಒಬ್ಬ ಹರಿಹರದವನು, ಒಬ್ಬಳು ದುರ್ಗದವಳು. ಇಬ್ಬರೂ ಜಪಾನಿಗೆ ಹೊರಟವರು, ಇಬ್ಬರ ಮೊಬೈಲಿನಲ್ಲೂ ಅದೇ ಚಿತ್ರ: ಸಕುರಾ ಹೂವು, ಹಿಂದೆ ಫ್ಯೂಜಿ ಬೆಟ್ಟ. “ಅಕ್ಕಾ, ಅಲ್ಲಿ ಜನ ಬಾಳ ಒಳ್ಳೇರಂತೆ, ರಸ್ತೆ ಮೇಲೆ ಒಂದು ಕಡ್ಡಿ ಬಿದ್ದಿರಲ್ಲವಂತೆ, ಹೌದೇನ್ರಿ?” ಅಂತ ಕೇಳಿದಳು ದುರ್ಗದ ಹುಡುಗಿ.

ಹೌದು ಅಂದೆ. ಆಮೇಲೆ ಅವಳ ಊರಿನ ಮಾತನ್ನೇ ತೆಗೆದೆ. ದುರ್ಗದ ಕೋಟೆ ನೋಡಲು ಬಂದವರು ಏಳು ಸುತ್ತು ಹತ್ತಿ, ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು, ಎಂಥಾ ಊರು ಅನ್ನುತ್ತಾ ಸಂಜೆ ಬಸ್ಸು ಹತ್ತುತ್ತಾರೆ. ಅವರು ಕಂಡದ್ದರಲ್ಲಿ ಸುಳ್ಳಿಲ್ಲ. ಬೇಸಿಗೆಯಲ್ಲಿ ನಲ್ಲಿ ಮುಂದೆ ಸಾಲು ಇಟ್ಟ ಕೊಡ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಅದು ಅಲ್ಲಿ ಬದುಕುವವರ ಪಾಲಿನದು. ನೀವು ಜಪಾನಿಗೆ ಹೋಗುತ್ತಿರುವುದು ಬದುಕುವುದಕ್ಕೆ. ಟೋಕಿಯೊದ ಎಡೊಗಾವಾ ವಾರ್ಡಿನಲ್ಲಿ ಹನ್ನೊಂದು ವರ್ಷ ಕಳೆದವಳಾಗಿ ನಿಮಗೆ ಹೇಳಬೇಕಾದ್ದು ಆ ಕೊಡದ ಸಾಲಿನ ಕಥೆ.

ಮೊದಲು ಕಸ. ನಗಬೇಡಿ, ಅಲ್ಲಿ ನೆರೆಹೊರೆಯವರು ನಿಮ್ಮನ್ನು ಅಳೆಯುವುದು ಇದರಲ್ಲೇ. ಸುಡುವ ಕಸಕ್ಕೆ ಒಂದು ದಿನ, ಸುಡದ್ದಕ್ಕೆ ಇನ್ನೊಂದು, ಬಾಟಲಿ ಡಬ್ಬಿಗೆ ಮತ್ತೊಂದು. ಬೆಳಿಗ್ಗೆ ಎಂಟರೊಳಗೆ ಗುರುತಿಸಿದ ಜಾಗದಲ್ಲಿ ಇಟ್ಟಿರಬೇಕು. ಹೋದ ಹೊಸದರಲ್ಲಿ ನಾನಿಟ್ಟ ಚೀಲ ಅಲ್ಲೇ ಉಳಿಯಿತು, ಮೇಲೆ ಒಂದು ಚೀಟಿ ಅಂಟಿತ್ತು. ಓದಲು ಬರಲಿಲ್ಲ. ಎದುರು ಮನೆಯ ಅಜ್ಜಿ ಬಂದು, ಒಂದು ಮಾತೂ ಆಡದೆ, ಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದರು, ಸುತ್ತಲಿನ ಲೇಬಲ್ ಸುಲಿದರು, ತೊಳೆಯಬೇಕೆಂದು ಕೈಸನ್ನೆ ಮಾಡಿದರು, ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿ ನನ್ನ ಕೈಗಿತ್ತರು.

ಕೆಲವು ತಿಂಗಳಾದ ಮೇಲೆ ನಮ್ಮ ಬಾಗಿಲ ಹಿಡಿಗೆ ದಾರ ಕಟ್ಟಿದ ಪುಟ್ಟ ಹಲಗೆಯೊಂದು ಬಂದು ನೇತುಬಿತ್ತು. ಆ ವಾರದ ಪಾಳಿ ನಮ್ಮದು ಅಂತ. ಕಾಗೆ ಕೆದರದಂತೆ ಕಸದ ಮೇಲೆ ಬಲೆ ಹೊದಿಸಬೇಕು, ಗಾಡಿ ಹೋದ ಮೇಲೆ ಜಾಗ ಗುಡಿಸಿ ನೀರು ಹಾಕಬೇಕು, ವಾರ ಮುಗಿದರೆ ಹಲಗೆ ಪಕ್ಕದ ಮನೆಗೆ. ಎಲ್ಲ ಬೀದಿಯಲ್ಲೂ ಹೀಗೇ ಇರುವುದಿಲ್ಲ, ನಮ್ಮ ಬೀದಿಯಲ್ಲಿದೆ. ಆ ಹಲಗೆ ಕೈಯಲ್ಲಿ ಹಿಡಿದಾಗ ನಮ್ಮಪ್ಪಾಜಿ ನೆನಪಾದರು. ಭದ್ರಾ ನಾಲೆಯ ನೀರಿನ ಪಾಳಿ ಬಂತೆಂದರೆ ರಾತ್ರಿ ಎರಡಕ್ಕೆ ಎದ್ದು ಬ್ಯಾಟರಿ ಹಿಡಿದು ಗದ್ದೆಗೆ ನಡೆಯುತ್ತಿದ್ದರು. ನೆಂಟರು ಹಸಿರು ಗದ್ದೆ ನೋಡಿ ಹೊಗಳುತ್ತಿದ್ದರು, ಅಪ್ಪಾಜಿ ಕಣ್ಣು ಮಾತ್ರ ಕೆಂಪಗಿರುತ್ತಿತ್ತು. ಟೋಕಿಯೊದ ಬೀದಿ ತಾನಾಗಿ ಚೊಕ್ಕಟವಾಗಿಲ್ಲ, ಪಾಳಿ ತಪ್ಪಿಸದವರಿಂದ ಹಾಗಿದೆ.

ಎರಡನೆಯದು, ‘ಇಲ್ಲ’ ಅನ್ನದ ‘ಇಲ್ಲ’. ಮನೆ ಹುಡುಕುವಾಗ ಏಜೆಂಟ್ ಮಾಲೀಕರಿಗೆ ಫೋನ್ ಮಾಡಿ, ಹಲ್ಲಿನ ಸಂದಿಯಿಂದ ಸುಯ್ಯೆಂದು ಉಸಿರೆಳೆದು, “ಚೊತ್ತೊ…” ಅಂದು ನಿಲ್ಲಿಸಿದರು. ಆ ಮಾತಿಗೆ ಅರ್ಥ ‘ಸ್ವಲ್ಪ’. ಸ್ವಲ್ಪ ಕಾಯಬೇಕೇನೋ ಅಂತ ನಾವು ಎರಡು ವಾರ ಕಾದೆವು. ವಿದೇಶಿಯರಿಗೆ ಕೊಡುವುದಿಲ್ಲ ಎಂಬುದಕ್ಕೆ ಆ ಬಾಗಿದ ತಲೆ, ಆ ಮೆದು ದನಿ. ನನಗೆ ಆಗ ತುಂಬಾ ನೋವಾಗಿತ್ತು, ಈಗಲೂ ಅದು ಸರಿಯಲ್ಲ ಅಂತಲೇ ಹೇಳುತ್ತೇನೆ. ಆದರೆ ಆ ಭಾಷೆ ನಮಗೇನೂ ಹೊಸದಲ್ಲ. ಕೈಗಡ ಕೇಳಿದವರಿಗೆ “ನೋಡಣ ತಗಳ್ರಿ” ಅನ್ನುತ್ತೇವಲ್ಲ, ಕೇಳಿದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಕಚೇರಿಯಲ್ಲಿ “ಯೋಚಿಸುತ್ತೇವೆ” ಅಂದರೂ ಬಹಳ ಸಲ ಇಷ್ಟೇ. ಬಾಗಿ ನಮಸ್ಕರಿಸಿದ್ದನ್ನು ಸ್ನೇಹ ಅಂದುಕೊಂಡವರು ಮೊದಲ ಚಳಿಗಾಲದಲ್ಲೇ ಒಂಟಿತನಕ್ಕೆ ಬೀಳುವುದನ್ನು ನಾನು ಕಂಡಿದ್ದೇನೆ. ಆ ಅಜ್ಜಿ ನನ್ನನ್ನು ಮನೆಯೊಳಗೆ ಕರೆದದ್ದು ನಾಲ್ಕನೇ ವರ್ಷ. ಅಷ್ಟು ದಿನ ಬೇಕು, ಕೊಡಿ.

ಬಾಡಿಗೆಗೆ ಬೇಕಾದ ದುಡ್ಡು ಮೊದಲೇ ಹೊಂದಿಸಿಕೊಳ್ಳಿ. ಶಿಕಿಕಿನ್ ಅಂದರೆ ಠೇವಣಿ, ರಿಪೇರಿ ಖರ್ಚು ಕಳೆದು ವಾಪಸ್ ಬರುತ್ತದೆ. ರೇಕಿನ್ ಮಾಲೀಕರಿಗೆ ಕೊಡುವ ಕಾಣಿಕೆ, ವಾಪಸ್ ಬರುವುದಿಲ್ಲ. ಏಜೆಂಟ್, ಜಾಮೀನು ಕಂಪನಿ ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆಯಷ್ಟು ಒಮ್ಮೆಲೇ ಬೇಕಾಗುವುದುಂಟು. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ವಿಮೆಯಿದ್ದರೂ ಆಸ್ಪತ್ರೆ ಬಿಲ್ಲಿನಲ್ಲಿ ನೂರಕ್ಕೆ 30 ನಿಮ್ಮದೇ. ಓದಲು ಹೋಗುವವರು ಅನುಮತಿ ಪಡೆದು ವಾರಕ್ಕೆ 28 ಗಂಟೆಯೊಳಗೆ ಮಾತ್ರ ದುಡಿಯಬಹುದು, ಇದರಲ್ಲಿ ಕಣ್ಣುಮುಚ್ಚಾಲೆ ಬೇಡ. ಇಲ್ಲಿನ ಕಂಪನಿ ಕಳಿಸುತ್ತಿದ್ದರೆ, ಇಲ್ಲೇ ಪಿಎಫ್ ಕಟ್ಟುತ್ತಿದ್ದೀರಿ ಎಂಬುದಕ್ಕೆ ಪಿಎಫ್ ಕಚೇರಿಯ ಪ್ರಮಾಣಪತ್ರ ಕೇಳಿ. 2016ರ ಅಕ್ಟೋಬರ್‌ನಿಂದ ಎರಡು ದೇಶಗಳ ನಡುವೆ ಒಪ್ಪಂದ ಇರುವುದರಿಂದ, ಐದು ವರ್ಷದೊಳಗಿನ ನಿಯೋಜನೆಗೆ ಅಲ್ಲಿಯ ಪಿಂಚಣಿಗೂ ಕಟ್ಟುವ ಹೊರೆ ತಪ್ಪುತ್ತದೆ. ಇನ್ನು ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬರುವುದರಿಂದ ಮೊದಲ ವರ್ಷ ಸುದ್ದಿಯೇ ಇರುವುದಿಲ್ಲ, ಮರುವರ್ಷ ಜೂನ್‌ನಲ್ಲಿ ಸಂಬಳಕ್ಕೆ ಕತ್ತರಿ ಬೀಳುತ್ತದೆ.

ಊಟದ ವಿಚಾರ ಸಸ್ಯಾಹಾರಿ ಮನೆಯಿಂದ ಹೋಗುವವರಿಗೆ. ಮಾಂಸ ಬೇಡ ಅಂದರೆ ಮೀನು ಬರುತ್ತದೆ. ಮೀನೂ ಬೇಡ ಅಂದರೂ ಮಿಸೊ ಸಾರು, ಸೋಬಾ ನೂಡಲ್ಸಿನ ತಿಳಿಸಾರು ಇವಕ್ಕೆಲ್ಲ ಬುನಾದಿ ‘ದಾಶಿ’, ಸಾಮಾನ್ಯವಾಗಿ ಒಣಮೀನಿನ ಚಕ್ಕೆ ಕುದಿಸಿ ಬಸಿದದ್ದು. ಆ ಒಂದು ಪದ ಕಲಿತು ಕೇಳಿ. ತೊಗರಿಬೇಳೆ, ಸಾಸಿವೆ, ಇಂಗು ನಮ್ಮ ವಾರ್ಡಿನ ನಿಶಿಕಸಾಯ್ ಕಡೆ ನಮ್ಮವರ ಅಂಗಡಿಗಳಲ್ಲಿ ಸಿಗುತ್ತವೆ. ತಾಜಾ ಕರಿಬೇವು, ಮಾವಿನಹಣ್ಣು ಬ್ಯಾಗಿಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಬೆಣ್ಣೆದೋಸೆ ಇಲ್ಲೇ ಹೊಟ್ಟೆ ತುಂಬ ತಿಂದು ಹೋಗಿ.

ಭೂಕಂಪದ ಎಚ್ಚರಿಕೆ ಮೊಬೈಲಿನಲ್ಲಿ ಕಿರುಚಿದರೆ ಹೊರಗೆ ಓಡಬೇಡಿ, ಮೇಜಿನಡಿ ಸೇರಿ. ಆಂಬುಲೆನ್ಸ್‌ಗೆ 119, ಪೊಲೀಸರಿಗೆ 110.

ಅಷ್ಟೆಲ್ಲ ಕೇಳಿದ ಮೇಲೂ ಆ ಹುಡುಗಿ ಹೂವಿನ ಚಿತ್ರವನ್ನೇ ನೋಡುತ್ತಿದ್ದಳು. ನೋಡಲಿ, ಅದೂ ನಿಜವೇ. ಟೋಕಿಯೊದಲ್ಲಿ ಮಾರ್ಚ್ ಕೊನೆಗೆ ಅರಳುತ್ತದೆ, ತುಂಬಿ ನಿಲ್ಲುವುದು ಒಂದು ವಾರ. ಆಮೇಲೆ ದಳ ಉದುರುತ್ತವೆ, ಅವರವರ ಮನೆ ಮುಂದಿನದನ್ನು ಅವರವರು ಗುಡಿಸುತ್ತಾರೆ. ಮಳೆ ಬಿದ್ದು ಡಾಂಬರಿಗೆ ಅಂಟಿದರೆ ಪೊರಕೆಗೆ ಬರುವುದಿಲ್ಲ, ಒಣಗಿರುವಾಗಲೇ ಎಳೆಯಬೇಕು. ಅಜ್ಜಿ ಆರು ಗಂಟೆಗೇ ಬಿದಿರು ಪೊರಕೆ ಹಿಡಿದು ನಿಂತಿರುತ್ತಾರೆ. ನೀವೂ ಒಂದು ಕೊಂಡಿಟ್ಟುಕೊಳ್ಳಿ.