ಕ್ಯಾಲೆಂಡರ್ ಬಿಡಿ, ಗೋಡೆ ಮುಟ್ಟಿ ನೋಡಿ

ಶರತ್ಕಾಲ ಅಂದರೆ ಎಳೆಬಿಸಿಲು, ತಂಪು ಗಾಳಿ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅಲ್ವಾ? ಕೆಲವು ವರ್ಷ ಹಾಗಿರುವುದಿಲ್ಲ. ಮಳೆ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನ ಬೇಸಿಗೆಯ ಸೆಕೆ, ರಾತ್ರಿ ಎರಡು ಹೊದಿಕೆ ಬೇಕು. ಇಂಥ ವರ್ಷ ತಿಂಗಳ ಲೆಕ್ಕ ಹಿಡಿದು ಮನೆಕೆಲಸ ಮಾಡಿದರೆ ಕೈಕೊಡುತ್ತದೆ. ಐವತ್ತು ವರ್ಷ ಮನೆ ನಡೆಸಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಬೆಳಿಗ್ಗೆ ಎದ್ದ ತಕ್ಷಣ ನೆಲ ಮುಟ್ಟಿ, ಗೋಡೆ ಮುಟ್ಟಿ, ಉಪ್ಪು ಮುಟ್ಟಿ ನೋಡಬೇಕು. ಆ ದಿನ ಏನು ಮಾಡಬೇಕು, ಏನು ಬೇಡ ಅಂತ ಅವೇ ಹೇಳುತ್ತವೆ.

ಉಪ್ಪು ಯಾಕೆ ಅಂತೀರಾ? ಗಾಳಿಯಲ್ಲಿ ತೇವ ಸುಮಾರು ಶೇಕಡಾ 75 ದಾಟಿದರೆ ಪುಡಿ ಉಪ್ಪು ನೀರು ಹೀರಿ ಪಸೆಯಾಗುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಸೇರಿರುತ್ತವೆ, ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಒಂದು ಚಿಕ್ಕ ತಟ್ಟೆಯಲ್ಲಿ ನಾಲ್ಕು ಹರಳು ಕಲ್ಲುಪ್ಪು ಹಾಕಿ ಮಲಗುವ ಕೋಣೆಯ ಗೂಡಿನಲ್ಲಿ ಇಡಿ. ಬೆಳಿಗ್ಗೆ ಬೆರಳಿಟ್ಟು ನೋಡಿ. ಹರಳು ಬೆರಳಿಗೆ ಅಂಟಿಕೊಂಡು ಬಂದರೆ, ಹರಳಿನ ಕೆಳಗೆ ತಟ್ಟೆಯ ಮೇಲೆ ನೀರಿನ ಉಂಗುರ ಕಂಡರೆ, ಆವತ್ತು ಬೀರು ತೆರೆದಿಡಬೇಡಿ, ಹಿಟ್ಟಿನ ಡಬ್ಬಿ ತುಂಬಬೇಡಿ, ಕೋಣೆಯೊಳಗೆ ಬಟ್ಟೆ ಹರಡಬೇಡಿ. ತೇವ ಅಳೆಯುವ ಪುಟ್ಟ ಮೀಟರ್ ಕೂಡ ಸಿಗುತ್ತದೆ. ಅದು ಶೇಕಡಾ 60ಕ್ಕಿಂತ ಕೆಳಗೆ ಇದ್ದರೆ ಬೂಷ್ಟಿನ ಭಯ ಕಡಿಮೆ.

ಇನ್ನು ಕಿಟಕಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಕಿಟಕಿ ತೆಗೆದರೆ ಮನೆ ಒಣಗುತ್ತದೆ ಅನ್ನೋದು ಯಾವಾಗಲೂ ನಿಜವಲ್ಲ. ರಾತ್ರಿಯ ಚಳಿಗೆ ನೆಲ ತಣ್ಣಗಾಗಿರುತ್ತದೆ. ಹನ್ನೊಂದು ಗಂಟೆಗೆ ಮಳೆ ಬಿಟ್ಟು ಸೆಕೆ ಏಳುತ್ತದೆ. ಮನೆ ಒಣಗಲಿ ಅಂತ ಬಾಗಿಲು ಕಿಟಕಿ ಎಲ್ಲ ತೆರೆದಿಡುತ್ತೀರಿ. ಅರ್ಧ ಗಂಟೆಯಲ್ಲಿ ನೆಲ ಈಗ ತಾನೇ ಒರೆಸಿದ ಹಾಗೆ ಮಿನುಗುತ್ತದೆ, ಕಾಲು ಜಾರುತ್ತದೆ. 30 ಡಿಗ್ರಿ ಬಿಸಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 30 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಉಳಿದದ್ದು ಎಲ್ಲಿ ಹೋಗಬೇಕು? ತಣ್ಣನೆಯ ಟೈಲ್ಸ್ ಮೇಲೆ, ಬೀರುವಿನ ಹಿಂದಿನ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ಅದಕ್ಕೇ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿರುವಾಗ ಕಿಟಕಿ ತೆಗೆಯಿರಿ. ಅಂದರೆ ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಮಳೆ ನಿಂತ ಮೇಲೆ. ನೆಲ ತಣ್ಣಗಿದ್ದು ಹೊರಗೆ ಜಿಗುಟು ಸೆಕೆ ಇದ್ದರೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಅಡುಗೆ, ಸ್ನಾನದ ಹಬೆ ಮಾತ್ರ ಆಗಿಂದಾಗಲೇ ಹೊರಗೆ ಹೋಗಬೇಕು.

ಗೋಡೆಯ ವಿಷಯದಲ್ಲಿ ನಾನೇ ಹಣ ಕಳೆದುಕೊಂಡಿದ್ದೇನೆ. ಒಂದು ವರ್ಷ ಹೀಗೇ ಅಕಾಲದ ಮಳೆ. ಮಂಚದ ಪಕ್ಕದ ಗೋಡೆಯಲ್ಲಿ ಮೊದಲು ಸಾಸಿವೆಯಷ್ಟು ಕಪ್ಪು ಚುಕ್ಕೆ, ಆಮೇಲೆ ಅಂಗೈ ಅಗಲ. ಹೊರಗಿಂದ ನೀರು ಇಳಿಯುತ್ತಿದೆ ಅಂತ ಕೆಲಸದವರು ಹೇಳಿದರು. ಗಾರೆ ಕೆತ್ತಿಸಿ ಮತ್ತೆ ಮಾಡಿಸಿದೆ. ತಿಂಗಳಲ್ಲಿ ಅದೇ ಚುಕ್ಕೆ, ಅದೇ ಜಾಗ. ಆಗ ಒಬ್ಬ ಹಿರಿಯ ಮೇಸ್ತ್ರಿ ತೋರಿಸಿಕೊಟ್ಟ ಉಪಾಯ ಇದು. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಗೋಡೆಯ ಪಸೆ ಬಟ್ಟೆಯಲ್ಲಿ ಒತ್ತಿ ತೆಗೆದು, ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮೇಲುಗಡೆ, ನಮ್ಮ ಕಡೆಗೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ನೀರು. ನನ್ನ ಗೋಡೆಯಲ್ಲಿ ಮೇಲುಗಡೆಯೇ ಹನಿ ಇತ್ತು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದೆ, ಕೋಣೆಯಲ್ಲಿ ಬಟ್ಟೆ ಒಣಗಿಸೋದು ನಿಲ್ಲಿಸಿದೆ. ಚುಕ್ಕೆ ಮತ್ತೆ ಬರಲಿಲ್ಲ. ಬೂಷ್ಟು ಬಂದಿದ್ದರೆ ಒಣ ಬ್ರಷ್‌ನಿಂದ ಉಜ್ಜಬೇಡಿ, ಪುಡಿ ಎದ್ದು ಉಸಿರಿಗೆ ಸೇರುತ್ತದೆ. ಮೂಗು ಬಾಯಿ ಮುಚ್ಚಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಬ್ಲೀಚ್ ಹಾಕುವವರು ಅದಕ್ಕೆ ವಿನೆಗರ್ ಆಗಲಿ, ಬೇರೆ ಯಾವ ಕ್ಲೀನರ್ ಆಗಲಿ ಬೆರೆಸಲೇಬಾರದು. ವಿಷದ ಗಾಳಿ ಏಳುತ್ತದೆ.

ಬಟ್ಟೆ ಒಗೆಯೋದನ್ನು ಸ್ವಲ್ಪ ಸ್ವಲ್ಪವೇ ಮಾಡಿ. ಮೂರು ದಿನದ್ದು ಗುಡ್ಡೆ ಹಾಕಿ ಒಗೆದರೆ ಒಣಗಿಸಲು ಜಾಗ ಸಾಲದು. ಮನೆಯೊಳಗೇ ಒಣಗಬೇಕಾದರೆ ಕಿಟಕಿ ಇರುವ ಒಂದೇ ಕೋಣೆ ಆರಿಸಿ, ಕಿಟಕಿ ಸಂದು ಬಿಟ್ಟು ಬಾಗಿಲು ಮುಚ್ಚಿ ಫ್ಯಾನ್ ಹಾಕಿ. ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ಕೈ ಆಡುವಷ್ಟು ಜಾಗ ಇರಲಿ. ಮುಗ್ಗುಲು ವಾಸನೆ ಬಂದ ಬಟ್ಟೆಗೆ ಸೆಂಟು ಹಾಕಿ ಪ್ರಯೋಜನವಿಲ್ಲ, ಬಿಸಿನೀರಲ್ಲಿ ಮತ್ತೆ ಒಗೆಯಬೇಕು. ಉಣ್ಣೆ ಬಟ್ಟೆ, ಕಂಬಳಿಗಳನ್ನು ಬಿಸಿಲು ಕಂಡ ದಿನವೇ ಹೊರಗೆ ಹಾಕಿ, ನಾಳೆಗೆ ಅಂತ ಇಡಬೇಡಿ. ಮಗುವಿನ ಬಟ್ಟೆಯ ಜೊತೆ ನುಸಿಗುಳಿಗೆ ಬೇಡವೇ ಬೇಡ, ಕೆಲವು ಎಳೆಮಕ್ಕಳ ರಕ್ತಕ್ಕೇ ಅದು ತೊಂದರೆ ಮಾಡುತ್ತದೆ.

ಬಾಗಿಲು ಬಿಗಿಯಾಯಿತು ಅಂತ ಸುಮ್ನೆ ಉಜ್ಜುಕೊರಡು ಹಾಕಿಸಬೇಡಿ. ಮರ ತೇವಕ್ಕೆ ಉಬ್ಬಿದೆ, ಒಣಗಿದಾಗ ಕುಗ್ಗುತ್ತದೆ. ಆಮೇಲೆ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಸದ್ಯಕ್ಕೆ ಉಜ್ಜುವ ಕಡೆ ಮೇಣದಬತ್ತಿ ತಿಕ್ಕಿ.

ಉದುರಿದ ಎಲೆ ತಾರಸಿಯ ಪೈಪಿನ ಬಾಯಿಗೆ ಕೂತರೆ ಒಂದೇ ಮಳೆಗೆ ನೀರು ನಿಲ್ಲುತ್ತದೆ. ಗಾಳಿ ಜೋರಾಗಿ ಬೀಸಿದ ಮಾರನೇ ದಿನ ಹತ್ತಿ ನೋಡಿ. ಸೆಕೆ ಇರುವ ತನಕ ಸೊಳ್ಳೆಯೂ ಇರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ, ಪಾತ್ರೆಯ ಒಳಬದಿಯನ್ನೂ ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗೇ ಮೊಟ್ಟೆ ಅಂಟಿಸುತ್ತದೆ, ಬರೀ ಚೆಲ್ಲಿದರೆ ಅವು ಹೋಗುವುದಿಲ್ಲ.

ಬೇಯಿಸಿದ ಅಡುಗೆಯ ಬಗ್ಗೆ ಒಂದು ಮಾತು. ರಾತ್ರಿ ತಂಪಿದೆಯಲ್ಲ ಅಂತ ಹೊರಗೇ ಬಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ.

ಚಳಿ ತಟ್ಟನೆ ಬಿದ್ದ ರಾತ್ರಿ ವಯಸ್ಸಾದವರ ಕೋಣೆಗೆ ಕೆಂಡದ ಬಟ್ಟಲು ಇಟ್ಟು ಬಾಗಿಲು ಮುಚ್ಚುವ ಅಭ್ಯಾಸ ಕೆಲವರಿಗಿದೆ. ಕೈಮುಗಿದು ಕೇಳುತ್ತೇನೆ, ಅದನ್ನು ಮಾಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ದಪ್ಪ ಹೊದಿಕೆ ಒಂದರ ಬದಲು ತೆಳ್ಳಗಿನವು ಎರಡು ಕೊಡಿ, ನಡುರಾತ್ರಿ ಸೆಕೆಯಾದರೆ ಒಂದನ್ನು ಸರಿಸಿಕೊಳ್ಳುತ್ತಾರೆ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ, ಮಲಗುವ ಕಾಲು ಗಂಟೆ ಮೊದಲು ಹಾಸಿಗೆಯ ಕಾಲಿನ ಕಡೆ ಇಡಿ. ಅವರು ಮಲಗಲು ಬಂದಾಗ ಅದನ್ನು ತೆಗೆದು, ಹಾಸಿಗೆ ಬೆಚ್ಚಗಿದೆಯೇ ಅಂತ ಕೈಯಿಟ್ಟು ನೋಡಿ.