ಎಣ್ಣೆ ಮುಗಿಯುವ ಮೂರು ದಿನ ಮೊದಲು

"ಗಾಣದ ಎಣ್ಣೆಗೂ ಪ್ರಚಾರವೇ? ಒಳ್ಳೆಯ ಎಣ್ಣೆ ಕೊಟ್ಟರೆ ಜನ ತಾವಾಗಿಯೇ ಬರುತ್ತಾರೆ" ಎಂದು ನನಗೆ ಹೇಳದವರಿಲ್ಲ. ಹೇಳಿದವರಲ್ಲಿ ನಮ್ಮ ಮೈದುನ ಮೊದಲಿಗ, ಊರಿನ ಇನ್ನೊಂದು ಗಾಣದವರು ಎರಡನೆಯವರು. ಕಳೆದ ದೀಪಾವಳಿಯ ಹೊತ್ತಿಗೆ ಅದೇ ಗಾಣದವರು ನಮ್ಮ ಅಂಗಡಿಗೆ ಬಂದರು. ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಗೆ ತಗುಲಿಸಿರುವ ಮರದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ಹೇಗೆ ಲೆಕ್ಕ ಇಡುತ್ತೀರಮ್ಮಾ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಅವರಿಗೂ ಹೇಳಿಲ್ಲ.

ನಮ್ಮದು ತುಮಕೂರು. 2019ರಲ್ಲಿ ಒಂದು ಮರದ ಗಾಣದಿಂದ ಶುರು ಮಾಡಿದೆವು, ಈಗ ಎರಡಿವೆ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಹರಳು, ಹೀಗೆ ಐದು ಎಣ್ಣೆ. ಬೀಜದ ಆಯ್ಕೆ, ಹದ, ಮಡ್ಡಿ ಕೂರಿಸುವುದು ಇವೆಲ್ಲ ಗಾಣ ಇಟ್ಟವರಿಗೆ ಗೊತ್ತಿರುವ ಸಂಗತಿ, ಅದಕ್ಕೆ ಕೈ ಹಾಕುವುದಿಲ್ಲ. ಲಾಕ್‌ಡೌನ್ ಕಾಲದಲ್ಲಿ ಆರೋಗ್ಯದ ಭಯಕ್ಕೆ ಜನ ಹುಡುಕಿಕೊಂಡು ಬಂದರು, ತಿಂಗಳಿಗೆ 400 ಲೀಟರಿನವರೆಗೆ ಹೋಯಿತು. 2021ರ ಕೊನೆಗೆ ಅದು 250ಕ್ಕೆ ಇಳಿಯಿತು. ಎಣ್ಣೆ ಅದೇ, ಬೀಜ ಅದೇ, ಬೆಲೆಯೂ ಹೆಚ್ಚುಕಡಿಮೆ ಅದೇ. ಆಗ ನಾನು ಪ್ರಚಾರಕ್ಕೆ ಇಳಿದೆ, ಒಂದೇ ವರ್ಷದಲ್ಲಿ 90 ಸಾವಿರದಷ್ಟು ಕಳೆದುಕೊಂಡೆ.

ಮೊದಲು ಕರಪತ್ರ. 10,000 ಪ್ರತಿಗೆ ಮುದ್ರಣ ಒಂಬತ್ತು ಸಾವಿರ, ಪತ್ರಿಕೆಯೊಳಗೆ ಇಟ್ಟು ಹಂಚಲು ಪೇಪರ್ ಏಜೆಂಟರಿಗೆ ಆರು ಸಾವಿರ. ಕೆಳಗಿನ ಮೂಲೆಯನ್ನು ಕತ್ತರಿಸಿ ತಂದರೆ 20 ರೂಪಾಯಿ ರಿಯಾಯಿತಿ ಎಂದು ಹಾಕಿಸಿದ್ದೆ. ಹಾಗೆ ತಂದವರು 34 ಜನ, ಅವರಲ್ಲಿ ಮೂರನೆಯ ಸಲ ಬಂದವರು ಆರೋ ಏಳೋ. ಆಮೇಲೆ ಒಂದು ಪ್ರಚಾರ ಸಂಸ್ಥೆಗೆ ತಿಂಗಳಿಗೆ 12,000ದಂತೆ ಮೂರು ತಿಂಗಳು ಕೊಟ್ಟೆ. ಪ್ರತಿ ಹಬ್ಬಕ್ಕೂ ಶುಭಾಶಯದ ಚಿತ್ರ ಮಾಡಿ ಮೂಲೆಯಲ್ಲಿ ನಮ್ಮ ಸೀಸೆ ಇಟ್ಟು ಫೇಸ್‌ಬುಕ್‌ನಲ್ಲಿ ಹಾಕಿದರು. ಶುಭಾಶಯ ನೋಡಿ ಎಣ್ಣೆ ಕೊಂಡವರನ್ನು ನಾನು ಕಾಣಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಚಿತ್ರದ ಮೇಲೆ "ಕೊಲೆಸ್ಟ್ರಾಲ್ ಇಳಿಸುತ್ತದೆ" ಎಂದು ಬರೆದಿದ್ದರು. ನಮ್ಮ ಗಿರಾಕಿಯಾಗಿರುವ ವೈದ್ಯೆಯೊಬ್ಬರು ಫೋನ್ ಮಾಡಿ ಎಚ್ಚರಿಸಿದ ಮೇಲೆ ಅದನ್ನು ತೆಗೆಸಿದೆ. ಆಹಾರದ ಜಾಹೀರಾತಿನಲ್ಲಿ ಹಾಗೆಲ್ಲ ರೋಗದ ಮಾತು ಬರೆಯಲು ಕಾನೂನು ಬಿಡುವುದಿಲ್ಲ. ಗಾಣ ಇಟ್ಟವರು ಎಷ್ಟೋ ಜನ ಈಗಲೂ ಬರೆಯುತ್ತಿದ್ದಾರೆ, ದಯವಿಟ್ಟು ನಿಲ್ಲಿಸಿ.

ಶನಿವಾರದ ರಿಯಾಯಿತಿಯ ಕಥೆಯನ್ನೂ ಹೇಳಬೇಕು. ಕಚೇರಿಗೆ ಹೋಗುವವರಿಗೆ ವಾರದ ಕೊನೆಯಲ್ಲಿ ಬಿಡುವು, ಅಂದು ಲೀಟರಿಗೆ 15 ರೂಪಾಯಿ ಕಡಿಮೆ ಎಂದು ಫಲಕ ಹಾಕಿದೆ. ಅತ್ತೆಯವರು, "ಶನಿವಾರ ಯಾರಮ್ಮಾ ಮನೆಗೆ ಎಣ್ಣೆ ತರುತ್ತಾರೆ?" ಎಂದರು. ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಎಂದುಕೊಂಡು ಆರು ವಾರ ನಡೆಸಿದೆ. ವಾರದ ಏಳು ದಿನಗಳಲ್ಲಿ ಅತಿ ಕಡಿಮೆ ವ್ಯಾಪಾರ ಅಂದೇ ಆಯಿತು. ರಿಯಾಯಿತಿ ತೆಗೆದು, ಶುಕ್ರವಾರ ಸಂಜೆ ಕಾಲು ಲೀಟರಿನ ಎಳ್ಳೆಣ್ಣೆ ಸೀಸೆಗಳನ್ನು ಬಾಗಿಲಿನ ಹತ್ತಿರದ ಮೇಜಿನ ಮೇಲೆ ಜೋಡಿಸಿದೆ. ಶನಿವಾರ ದೇವಸ್ಥಾನದಲ್ಲಿ ಎಳ್ಳೆಣ್ಣೆ ದೀಪ ಹಚ್ಚುವವರು ಹಿಂದಿನ ದಿನವೇ ಒಯ್ಯುತ್ತಾರೆ. ಒಂದು ರೂಪಾಯಿಯೂ ಕಡಿಮೆ ಮಾಡದೆ ವಾರಕ್ಕೆ 40, 45 ಸೀಸೆ ಹೋಗುತ್ತಿವೆ.

ದಾರಿ ತೋರಿಸಿದವರು ನಿವೃತ್ತ ಶಿಕ್ಷಕಿಯೊಬ್ಬರು. ಎರಡು ತಿಂಗಳು ಕಾಣದೆ ಇದ್ದವರು ಒಂದು ದಿನ ಬಂದಾಗ, ಎಣ್ಣೆ ಇಷ್ಟವಾಗಲಿಲ್ಲವೇ ಎಂದು ಕೇಳಿದೆ. "ಇಷ್ಟವೇ. ಆದರೆ ಬಾಣಲೆ ಒಲೆಯ ಮೇಲಿಟ್ಟಾಗಲೇ ಗೊತ್ತಾಗುತ್ತದೆ ಸೀಸೆ ಖಾಲಿ ಎಂದು. ಮೊಮ್ಮಗನನ್ನು ಎದುರಿನ ಅಂಗಡಿಗೆ ಓಡಿಸಿ ಪ್ಯಾಕೆಟ್ ತರಿಸುತ್ತೇನೆ. ಅದು ಮುಗಿಯುವಾಗಲೂ ಹಾಗೆಯೇ" ಎಂದರು. ಆ ರಾತ್ರಿ ಬಿಲ್ ಪುಸ್ತಕ ತೆಗೆದು ಕುಳಿತೆ. ನಮ್ಮನ್ನು ಬಿಟ್ಟುಹೋದವರೆಂದು ನಾನು ಎಣಿಸಿದ್ದವರಲ್ಲಿ ಬಹುಪಾಲು ಜನ ಬಿಟ್ಟು ಹೋದವರೇ ಆಗಿರಲಿಲ್ಲ. ಒಗ್ಗರಣೆಯ ಹೊತ್ತಿಗೆ ಎಣ್ಣೆ ಮುಗಿದು ಕೈ ತಪ್ಪಿದವರು.

ಬಡಗಿಯಿಂದ 31 ಖಾನೆಗಳ ಒಂದು ಪೆಟ್ಟಿಗೆ ಮಾಡಿಸಿದೆ, 1,800 ರೂಪಾಯಿ. ಒಂದೊಂದು ಮನೆಗೆ ಒಂದು ದಪ್ಪ ರಟ್ಟಿನ ಕಾರ್ಡು. ಮೇಲೆ ಹೆಸರು, ಬಡಾವಣೆ, ಫೋನ್, ಕೆಳಗೆ ದಿನಾಂಕ, ಯಾವ ಎಣ್ಣೆ, ಎಷ್ಟು ಲೀಟರ್. ಎರಡನೆಯ ಮತ್ತು ಮೂರನೆಯ ಖರೀದಿಯ ನಡುವಿನ ಅಂತರ ಸಿಕ್ಕರೆ ಆ ಮನೆಯ ಲೆಕ್ಕ ಸಿಕ್ಕಿತು ಎಂದೇ ಅರ್ಥ. ನಾಲ್ಕು ಜನರ ಮನೆಯಲ್ಲಿ ಎರಡು ಲೀಟರ್ 22ರಿಂದ 28 ದಿನ ಬರುತ್ತದೆ. ಮುಗಿಯುವ ದಿನಕ್ಕಿಂತ ಮೂರು ದಿನ ಹಿಂದಿನ ತಾರೀಖಿನ ಖಾನೆಯಲ್ಲಿ ಆ ಕಾರ್ಡು ಕೂರುತ್ತದೆ. ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚಿದ ಮೇಲೆ ಅಂದಿನ ಖಾನೆ ಖಾಲಿ ಮಾಡುವುದೇ ನನ್ನ ಮೊದಲ ಕೆಲಸ. ದಿನಕ್ಕೆ 15ರಿಂದ 20 ಕಾರ್ಡು, ಮುಕ್ಕಾಲು ಗಂಟೆ. ಎರಡು ಸಲ ನೆನಪಿಸಿದರೂ ಬಾರದವರ ಕಾರ್ಡನ್ನು ತೆಗೆದು ಬೇರೆ ಇಡುತ್ತೇನೆ, ಮೂರನೆಯ ಸಂದೇಶ ಕಳುಹಿಸುವುದಿಲ್ಲ. ಇದನ್ನು ಕಂಪ್ಯೂಟರಿನಲ್ಲಿ ಮಾಡಬಹುದು ಎಂದು ಮಗ ಹಟ ಹಿಡಿದು ಎರಡು ತಿಂಗಳು ಮಾಡಿಯೂ ತೋರಿಸಿದ. ಎಣ್ಣೆಗೈಯಲ್ಲಿ ಕೀಲಿ ಒತ್ತುವವರು ಯಾರು? ಮತ್ತೆ ಪೆಟ್ಟಿಗೆಗೇ ಬಂದೆವು.

ಸಂದೇಶ ಮೂರೇ ಸಾಲು. "ನಮಸ್ಕಾರ ಅಮ್ಮಾ. ನೀವು ಎರಡು ಲೀಟರ್ ಕಡಲೆಕಾಯಿ ಎಣ್ಣೆ ಒಯ್ದು 23 ದಿನವಾಯಿತು. ಸೋಮವಾರ ಆಡಿಸಿದ್ದು ಗುರುವಾರಕ್ಕೆ ತಿಳಿಯಾಗುತ್ತದೆ, ನಿಮ್ಮ ಹೆಸರಿಗೆ ಎತ್ತಿಡಲೇ?" ಆ "ಎತ್ತಿಡಲೇ" ಎಂಬ ಒಂದು ಮಾತಿಗೆ ನಾನು ಆರು ತಿಂಗಳು ಒದ್ದಾಡಿದ್ದೇನೆ. "ಬೇಗ ಬನ್ನಿ", "ಸ್ವಲ್ಪವೇ ಉಳಿದಿದೆ", "ವಿಶೇಷ ಕೊಡುಗೆ" ಎಲ್ಲ ಬರೆದು ನೋಡಿದೆ, ಉತ್ತರ ಬರುತ್ತಿರಲಿಲ್ಲ. ಎತ್ತಿಡಲೇ ಎಂದು ಕೇಳಿದರೆ ಹತ್ತರಲ್ಲಿ ಆರು ಜನ ಉತ್ತರಿಸುತ್ತಾರೆ. ಕಳುಹಿಸುವ ಹೊತ್ತು ಹನ್ನೊಂದು ಗಂಟೆಯ ಆಸುಪಾಸು, ಬೆಳಗಿನ ಗಡಿಬಿಡಿ ಮುಗಿದು ಮಧ್ಯಾಹ್ನದ ಅಡುಗೆಗೆ ಕೈ ಹಚ್ಚುವ ಮೊದಲು. ಇಂತಹ ಸಂದೇಶವನ್ನು ಒಬ್ಬೊಬ್ಬರಿಗೇ ಕಳುಹಿಸಬೇಕು. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಹಿಡಿಯುತ್ತಾರೆ ನಿಜ, ಆದರೆ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮೊದಲ ವರ್ಷ ಇದು ಗೊತ್ತಿಲ್ಲದೆ, 500 ಜನರಿಗೆ ಹೋಗಿದೆ ಎಂದು ನಂಬಿಕೊಂಡಿದ್ದೆ. ಈಗ ಬಿಲ್ ಮಾಡುವಾಗಲೇ ಮಿಸ್ಡ್ ಕಾಲ್ ಕೊಟ್ಟು, "ನಮ್ಮ ಅಂಗಡಿಯ ಹೆಸರು ಬೇಡ, ಬರೀ ಎಣ್ಣೆ ಎಂದು ಉಳಿಸಿಕೊಳ್ಳಿ" ಎನ್ನುತ್ತೇನೆ. ಹೆಸರು ಮರೆಯಬಹುದು, ಎಣ್ಣೆ ಬೇಕಾದಾಗ ಎಣ್ಣೆ ಎಂದೇ ಹುಡುಕುತ್ತಾರೆ. ಮೂರನೆಯ ಖರೀದಿಯ ದಿನ ಒಂದು ಪ್ರಶ್ನೆ ಕೇಳುತ್ತೇನೆ, ಅದರಿಂದ ಪಕ್ಕದ ಎರಡು ಮನೆಗಳು ಸಿಗುತ್ತವೆ. ಆ ಪ್ರಶ್ನೆ ನನ್ನಲ್ಲಿಯೇ ಇರಲಿ.

ಪೆಟ್ಟಿಗೆ ಇದ್ದವರನ್ನು ಉಳಿಸುತ್ತದೆ, ಹೊಸಬರನ್ನು ತರಲು ಕ್ಯಾಲೆಂಡರ್ ಬೇಕು. ಯುಗಾದಿಯ ಮರುದಿನ ಪಂಚಾಂಗದ ಗೋಡೆ ಕ್ಯಾಲೆಂಡರ್ ಹರಡಿಕೊಂಡು ಇಡೀ ವರ್ಷದ ಪ್ರಚಾರವನ್ನು ಪೆನ್ಸಿಲಿನಲ್ಲಿ ಬರೆದುಬಿಡುತ್ತೇನೆ. ಏಪ್ರಿಲ್, ಮೇ ಮಾವಿನಕಾಯಿ ಉಪ್ಪಿನಕಾಯಿಯ ಕಾಲ, ಎಳ್ಳೆಣ್ಣೆ. ಜೂನ್‌ನಲ್ಲಿ ಶಾಲೆಯ ಶುಲ್ಕ, ಪುಸ್ತಕ ಎಂದು ಮನೆಗಳಲ್ಲಿ ಕೈ ಬಿಗಿ, ಆಗ ಒಂದು ಕಾಸೂ ಖರ್ಚು ಮಾಡುವುದಿಲ್ಲ. ಗೌರಿ ಗಣೇಶಕ್ಕೆ ಚಕ್ಕುಲಿ, ಕಡುಬು ಕರಿಯಲು ಕಡಲೆಕಾಯಿ ಎಣ್ಣೆ, ಸಂದೇಶ ಹಬ್ಬಕ್ಕೆ ಎಂಟು ದಿನ ಮೊದಲು. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ 100 ಮಿಲಿ ಸೀಸೆಗಳು, ಅಲ್ಲಿಂದ ಮುಂದೆ ಕಾರ್ತಿಕ ದೀಪ. ಡಿಸೆಂಬರ್ ಮೊದಲ ವಾರ ಮಾರಾಟದ ಮಾತಿಲ್ಲದ ಒಂದು ಸಂದೇಶ: ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಹೆದರಬೇಡಿ, 24 ಡಿಗ್ರಿಗಿಂತ ಕೆಳಗೆ ಉಷ್ಣತೆ ಇಳಿದರೆ ಅದು ಹೆಪ್ಪುಗಟ್ಟುವುದೇ ಸಹಜ, ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಮೊದಲು ಪ್ರತಿ ಚಳಿಗಾಲವೂ "ಮೇಣ ಬೆರೆಸಿದ್ದೀರಾ?" ಎಂಬ ಫೋನ್‌ಗಳು 20, 25 ಬರುತ್ತಿದ್ದವು. ಈಗ ಎರಡೋ ಮೂರೋ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗಾ ಜಾತ್ರೆ, ಅದರ ವಸ್ತುಪ್ರದರ್ಶನ. ಮೊದಲ ವರ್ಷ ಮಳಿಗೆ ಹಾಕಿ ಸೀಸೆ ಜೋಡಿಸಿ ಕುಳಿತೆವು, ಜನ ಬೆಲೆ ಕೇಳಿ ಮುಂದೆ ಹೋದರು. ಎರಡನೆಯ ವರ್ಷ ಅಗಲವಾದ ಪಾತ್ರೆಯಲ್ಲಿ ಪುರಿ ಸುರಿದು, ಚಟ್ನಿಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಮೇಲೆ ಹಸಿ ಕಡಲೆಕಾಯಿ ಎಣ್ಣೆ ಬಿಟ್ಟು ಕಲಸಿ, ಮುತ್ತುಗದ ಎಲೆಯಲ್ಲಿ ಒಂದೊಂದು ಹಿಡಿ ಕೊಟ್ಟೆವು. ಪರಿಮಳಕ್ಕೆ ನಿಂತವರು ತಿಂದು, ಬೆರಳು ಮೂಸಿ ನೋಡಿ, ಆಮೇಲೆ ಬೆಲೆ ಕೇಳಿದರು. ಬಾಡಿಗೆ, ಸಾಗಾಟ, ಪುರಿ ಸೇರಿ 14,000 ಖರ್ಚು. 90ರಷ್ಟು ಹೊಸ ಕಾರ್ಡು ತುಂಬಿದವು, ಅರ್ಧದಷ್ಟು ಈಗಲೂ ಪೆಟ್ಟಿಗೆಯಲ್ಲಿವೆ.

ನಡುವೆ ಮಾಡಿದ ಒಂದು ಪ್ರಯೋಗ ನಿರೀಕ್ಷೆ ಮೀರಿ ಫಲ ಕೊಟ್ಟಿತು. ಕಡಲೆಕಾಯಿ ಹಿಂಡಿಯನ್ನು ಮೊದಲು ಒಬ್ಬ ವ್ಯಾಪಾರಿಗೆ ಸಗಟಾಗಿ ಕೊಡುತ್ತಿದ್ದೆವು. ಸುತ್ತಲಿನ ನಾಲ್ಕು ಹಳ್ಳಿಗಳ ಹಾಲಿನ ಡೇರಿಯವರನ್ನು ಕೇಳಿ, "ಗಾಣದ ಹಿಂಡಿ ಸಿಗುತ್ತದೆ" ಎಂದು ಕೈಬರಹದ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರ ಕಣ್ಣಿಗೆ ಬೀಳದೆ ಇರದು. ಹಸುವಿಗೆಂದು ಹಿಂಡಿ ಒಯ್ದವರು ಎರಡನೆಯ ಸಲ ಮನೆಗೆಂದು ಎಣ್ಣೆಯನ್ನೂ ಒಯ್ದರು. ಖರ್ಚು ಗೋಂದಿನದಷ್ಟೇ. ಇನ್ನೊಂದು ಪ್ರಯೋಗದಲ್ಲಿ ಗಾಣ ತಿರುಗುವ ವಿಡಿಯೊವನ್ನು 40 ಸಾವಿರ ಜನ ನೋಡಿದರು, ದೂರದೂರಿನಿಂದ 11 ಸೀಸೆಗೆ ಬೇಡಿಕೆ ಬಂತು, ಕೊರಿಯರ್‌ನಲ್ಲಿ ನಾಲ್ಕು ಸೋರಿದವು. ಅಲ್ಲಿಗೆ ಬಿಟ್ಟೆ.

2025ರಲ್ಲಿ ಕೊಬ್ಬರಿ ದರ ಏರುತ್ತಲೇ ಹೋದಾಗ ನನಗೆ ನಿಜವಾದ ಪರೀಕ್ಷೆ. ಮೊದಲ ಸಲ ಸದ್ದಿಲ್ಲದೆ ಬೆಲೆ ಏರಿಸಿದೆ, 20 ಮನೆಗಳು ಕಳಚಿಕೊಂಡವು. ಎರಡನೆಯ ಸಲ ಹತ್ತು ದಿನ ಮೊದಲೇ, ತಿಪಟೂರು ಮಾರುಕಟ್ಟೆಯ ಅಂದಿನ ದರ ಬರೆದು, ಒಂದು ಲೀಟರಿಗೆ ಎಷ್ಟು ಕೊಬ್ಬರಿ ಬೇಕು ಎಂದು ಲೆಕ್ಕ ತೋರಿಸಿ, ಇಂತಹ ದಿನದಿಂದ ಇಷ್ಟು ಎಂದು ಎಲ್ಲರಿಗೂ ತಿಳಿಸಿದೆ. ಆ ಹತ್ತು ದಿನಗಳಲ್ಲಿ ಒಂದು ತಿಂಗಳ ಕೊಬ್ಬರಿ ಎಣ್ಣೆ ಮಾರಿತು. ಬಿಟ್ಟು ಹೋದವರು ಮೂರೇ ಮನೆ.

ಈಗ ಪೆಟ್ಟಿಗೆಯಲ್ಲಿ 430ರಷ್ಟು ಕಾರ್ಡುಗಳಿವೆ, ತಿಂಗಳಿಗೆ 900 ಲೀಟರ್ ಹೋಗುತ್ತದೆ. ಸರಾಸರಿ 340 ರೂಪಾಯಿ ಹಿಡಿದರೆ ಮೂರು ಲಕ್ಷ ದಾಟುತ್ತದೆ. ಪ್ರಚಾರಕ್ಕೆ ಇಡುವುದು ನೂರಕ್ಕೆ ಒಂದೂವರೆ, ಅಂದರೆ ತಿಂಗಳಿಗೆ ನಾಲ್ಕೂವರೆ ಸಾವಿರ. ಒಂದನೆಯ ತಾರೀಖಿನಂದೇ ಅದನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತೇನೆ. ವ್ಯಾಪಾರ ಕಡಿಮೆಯಾದ ತಿಂಗಳಲ್ಲಿ ಆ ಡಬ್ಬಿಗೆ ಕೈ ಹಾಕಬಾರದು, ಜೋರಾದ ತಿಂಗಳಲ್ಲಿ ಹೆಚ್ಚು ಹಾಕಬಾರದು. ಜೂನ್‌ನಲ್ಲಿ ಉಳಿದದ್ದು ಜಾತ್ರೆಗೆ ಆಗುತ್ತದೆ.

ಜನವರಿಯಿಂದ ಬೆಂಗಳೂರಿನ 22 ಮನೆಗಳಿಗೆ ಐದು ಲೀಟರಿನ ತಗಡಿನ ಡಬ್ಬಿಗಳನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸುತ್ತಿದ್ದೇನೆ. ತಗಡು ಸೋರುವುದಿಲ್ಲ, ಅದು ಸಮಾಧಾನ. ಆದರೆ ಐದು ಲೀಟರ್ ಎರಡು ತಿಂಗಳು ಬರುತ್ತದೆ, 31 ಖಾನೆಗಳಲ್ಲಿ ಆ ಕಾರ್ಡು ಎಲ್ಲಿ ಇಟ್ಟರೂ ಒಂದು ತಿಂಗಳು ಮೊದಲೇ ಕೈಗೆ ಬಂದುಬಿಡುತ್ತದೆ. ತಿಂಗಳಿಗೊಂದರಂತೆ 12 ಖಾನೆಗಳ ಇನ್ನೊಂದು ಪೆಟ್ಟಿಗೆಗೆ ಬಡಗಿಗೆ ಹೇಳಿದ್ದೇನೆ. ಯುಗಾದಿಗೆ ಮೊದಲು ಕೊಡುತ್ತೇನೆ ಎಂದಿದ್ದಾರೆ.